ಕೊಬ್ಬರಿ ಸೀಮೆಯಲ್ಲಿ ಎಳನೀರು ಹುಡುಕುತ್ತ ಮೂರು ದಿನ

ನಮ್ಮಪ್ಪ ಕೊಬ್ಬರಿ ಚೀಲ ಹೇರಿಕೊಂಡು ದಬ್ಬೇಘಟ್ಟದಿಂದ ತಿಪಟೂರಿಗೆ ಎತ್ತಿನಗಾಡಿ ಹೊಡೆದವರು. ಎಲ್ಲಿ ಎತ್ತು ಬಿಚ್ಚಬೇಕು, ಎಲ್ಲಿ ಬುತ್ತಿ ಉಣ್ಣಬೇಕು ಅನ್ನೋದು ಅವರಿಗೆ ಬಾಯಿಪಾಠ. ಅರಳಿಕಟ್ಟೆ, ಸೇದೋ ಬಾವಿ, ಒಂದು ಕಾಫಿ ಹೋಟ್ಲು, ಕತ್ತಲಾದರೆ ಹೆಂಡದಂಗಡಿ. ನಾನು ಅದೇ ದಾರಿಯಲ್ಲಿ ಬಸ್ಸು, ಬೈಕಿನಲ್ಲಿ ನಲವತ್ತು ವರ್ಷ ಓಡಾಡಿದ್ದೇನೆ. ನಡೆದದ್ದು ಒಮ್ಮೆಯೂ ಇಲ್ಲ.

ನಡೆಯುವ ಹುಚ್ಚು ಹತ್ತಿಸಿದ್ದು ಮೊಮ್ಮಗ. ಇಂಗ್ಲೆಂಡಿನಲ್ಲಿ ಪೆನ್ನೈನ್ ವೇ ಅಂತ ಸುಮಾರು 430 ಕಿ.ಮೀ. ಕಾಲುದಾರಿ ಇದೆಯಂತೆ. 1965ರಲ್ಲಿ ತೆರೆದದ್ದು. ಹೊಲ, ಗುಡ್ಡ ದಾಟಿಕೊಂಡು ಜನ ನಡೆಯುತ್ತಾರೆ, ಹಳ್ಳಿಯ ಪಬ್ಬಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ. ಆ ದಾರಿಗೆ ಕೈಪಿಡಿ ಬರೆದ ವೈನ್‌ರೈಟ್, ಪೂರ್ತಿ ನಡೆದು ಮುಗಿಸಿದವರಿಗೆ ಕೊನೆಯ ಊರಿನ ಹೋಟೆಲಿನಲ್ಲಿ ತನ್ನ ಲೆಕ್ಕದಲ್ಲೇ ಅರ್ಧ ಪಿಂಟ್ ಬಿಯರ್ ಕೊಡಿಸುತ್ತಿದ್ದರಂತೆ. "ನಮ್ಮ ದಾರೀಲಿ ನಡೆದರೆ ಏನು ಸಿಗುತ್ತೆ ತಾತ?" ಅಂದ. ನೋಡೇಬಿಡೋಣ ಅಂತ ಶಿವರಾತ್ರಿ ಕಳೆದ ಮೇಲೆ ಹೊರಟೆ.

ಕೇಳಿದ್ದು ಎಳನೀರು, ಸಿಕ್ಕಿದ್ದು ಬಾಟ್ಲಿ

ತುರುವೇಕೆರೆ ತನಕ ಎರಡೂ ಕಡೆ ತೆಂಗೇ ತೆಂಗು. ದಾರಿಯ ಮೊದಲ ಹೋಟ್ಲಿನಲ್ಲಿ ಎಳನೀರು ಕೇಳಿದೆ. ಹೋಟ್ಲಿನಾಕೆ ನಕ್ಕರು. "ಎಳ್ನೀರು ಎಲ್ಲಿಂದ ತರಾನ ಯಜಮಾನ್ರೇ? ಕಾಯಿ ಕೊಬ್ಬರಿಗೆ ಬೇಕಲ್ವಾ?" ಅಂತ ತಂಪು ಪಾನೀಯದ ಬಾಟ್ಲಿ ಮುಂದಿಟ್ಟರು. ಮುಂದಿನ ಎರಡು ಅಂಗಡಿಯಲ್ಲೂ ಇದೇ ಉತ್ತರ. ಎಳನೀರು ಕಂಡದ್ದು ತುರುವೇಕೆರೆ ಪೇಟೆಯ ತಳ್ಳುಗಾಡಿಯಲ್ಲಿ.

ಎರಡನೇ ದಿನ ನೊಣವಿನಕೆರೆ ಹಾದಿಯಲ್ಲಿ ಒಬ್ಬ ಹಿರಿಯರು ಹಳೇ ಹೆಂಡದಂಗಡಿಯ ಜಾಗ ತೋರಿಸಿದರು. ಈಗ ಅಲ್ಲಿ ನಾಲ್ಕು ಈಚಲುಮರ, ಒಂದು ಮುರುಕು ಗೋಡೆ. ಅದು ಹೋಯಿತೆಂದು ನನಗೆ ದುಃಖವಿಲ್ಲ. ಕುಡಿತಕ್ಕೆ ಹೊಲ ಕಳಕೊಂಡ ಮನೆಗಳನ್ನು ಕಂಡಿದ್ದೇನೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲುಮರ ಕಡಿಯುವ ಸತ್ಯಾಗ್ರಹ ನಡೆದದ್ದು ಸುಮ್ಮನಲ್ಲ. 2007ರಲ್ಲಿ ಸಾರಾಯಿಯೂ ನಿಂತಿತು. ಆದರೆ ದಾರಿಹೋಕ ಕೂತು ನಾಲ್ಕು ಮಾತಾಡುವ ಜಾಗವೂ ಜೊತೆಗೇ ಹೋಯಿತು.

ನೀರಾ ಆಗಬಹುದಿತ್ತು. ನುಸಿ ಬಿದ್ದು ಕಾಯಿ ಸೊರಗಿದ ಕಾಲದಲ್ಲಿ ನೀರಾ ಇಳಿಸುವ ಹಕ್ಕು ಕೇಳಿದ್ದಕ್ಕೆ 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಈಗ ಪರವಾನಗಿ ಪಡೆದು ಇಳಿಸಬಹುದಾದರೂ, ತಣ್ಣಗಿಡದಿದ್ದರೆ ನೀರಾ ಕೆಲವೇ ಗಂಟೆಯಲ್ಲಿ ಹುಳಿಯಾಗುತ್ತದೆ. ಇಪ್ಪತ್ತು ಮರದವನ ಕೈಗೆಟುಕುವ ಮಾತಲ್ಲ.

ಅಟ್ಟದ ಲೆಕ್ಕ

ಮೂರನೇ ದಿನ ತಿಪಟೂರಿನ ಮಾರುಕಟ್ಟೆ ಮುಂದೆ ಕೂತು ಲೆಕ್ಕ ಹಾಕಿದೆ. ಎಳನೀರಿಗೆ ಏಳು ತಿಂಗಳ ಕಾಯಿ ಸಾಕು. ಉಂಡೆಕೊಬ್ಬರಿಗೆ ಹನ್ನೆರಡು ತಿಂಗಳು ಮರದಲ್ಲಿ, ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದಲ್ಲಿ. ಅಷ್ಟು ಕಾದರೂ 2023ರಲ್ಲಿ ಏನಾಯಿತು? ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಪೇಟೆ ಬೆಲೆ ಅದಕ್ಕಿಂತ ಬಹಳ ಕೆಳಗೆ. ಆಮೇಲೆ ಬೆಲೆ ಏರಿತು ನಿಜ. ಆದರೆ ಆ ವರ್ಷವೇ ಮಗಳ ಮದುವೆ, ಆಸ್ಪತ್ರೆ ಖರ್ಚು ಬಂದವನು ಏರುವ ತನಕ ಕಾದಾನೆಯೇ? ಮದ್ದೂರಿನ ಕಡೆಯವರು ಎಳನೀರಿಗೇ ದೊಡ್ಡ ಮಾರುಕಟ್ಟೆ ಕಟ್ಟಿಕೊಂಡರು. ನಾವು ಎಲ್ಲ ಕಾಯಿಯನ್ನೂ ಅಟ್ಟಕ್ಕೇ ನಂಬಿ ಕೂತೆವು.

ತೋಟದ ಬಾಗಿಲಲ್ಲಿ ಒಂದು ಬೆಂಚು

ಊರಿಗೆ ಬಂದವನೇ ರಸ್ತೆ ಬದಿಯ ಮೂರು ಮರಗಳನ್ನು ಎಳನೀರಿಗೆ ಬಿಟ್ಟೆ. ಹುಣಸೆಮರದ ಕೆಳಗೆ ಬೆಂಚು ಹಾಕಿದೆ. ಮನೆಯವಳು ಮಜ್ಜಿಗೆ ಮಾಡಿಡುತ್ತಾಳೆ. ಎಳನೀರು ಪೇಟೆಗಿಂತ ಐದು ರೂಪಾಯಿ ಕಡಿಮೆ.

ಮೊದಲ ಗೊನೆ ಬಿದ್ದು ಪೂರಾ ಒಡೆಯಿತು. ದೋಟಿಯಲ್ಲಿ ಕೆಡವೋದು ಬಲಿತ ಕಾಯಿಗೆ ಸರಿ. ಎಳನೀರಿನ ಗೊನೆಯನ್ನು ಹಗ್ಗ ಕಟ್ಟಿಯೇ ಇಳಿಸಬೇಕು. ಮರ ಹತ್ತುವವರು ಸಿಗೋದು ಕಷ್ಟ, ಅದಕ್ಕೇ ಗಿಡ್ಡ ಮರ ಆರಿಸಿಕೊಳ್ಳಿ. ಕುಡಿದ ಬುರುಡೆ ಅವತ್ತೇ ಸೀಳಿ ಪಾತಿಗೆ ಮುಚ್ಚಿ, ಇಲ್ಲದಿದ್ದರೆ ನೀರು ನಿಂತು ಸೊಳ್ಳೆ. ಕೆಲವು ದಿನ ಹತ್ತು ಹೋಗುತ್ತದೆ, ಕೆಲವು ದಿನ ಎರಡೇ. ಇದರಿಂದ ಸಂಸಾರ ನಡೆಯೋದಿಲ್ಲ. ಆದರೆ ಅಟ್ಟದ ಕಾಯಿಯನ್ನು ಅವಸರಕ್ಕೆ ಮಾರುವ ಗತಿ ಸದ್ಯಕ್ಕೆ ತಪ್ಪಿದೆ. ಸಂಜೆ ಬೆಂಚಿನಲ್ಲಿ ಅಕ್ಕಪಕ್ಕದ ತೋಟದವರು ಸೇರುತ್ತಾರೆ. ಬಿಳಿನೊಣ, ಮಳೆ, ಬೆಲೆ, ಎಲ್ಲ ಅಲ್ಲೇ ಮಾತಾಗುತ್ತದೆ.

ಕುಡಿಯೋರೆಲ್ಲ ಬೈಕು, ಕಾರಿನವರೇ. ನಡೆದು ಬಂದವರು ಇನ್ನೂ ಯಾರೂ ಇಲ್ಲ. ಬಂದರೆ ಅವರ ಎಳನೀರು ನನ್ನ ಲೆಕ್ಕದಲ್ಲಿ.