ವಯೋಭೇದವೂ ಲಸಿಕೆ ಹಾಕುವ ಸ್ಥಳವೂ

ಆರು ವಾರದ ಕೂಸಿಗೆ ಐದು ರೋಗಗಳ ಲಸಿಕೆಯನ್ನು ಎಡದೊಡೆಯಲ್ಲಿ ಚುಚ್ಚುವರು. ಅದೇ ಮಗುವಿಗೆ ಐದಾರು ವರ್ಷಗಳಾದಾಗ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯನ್ನು ತೋಳಿಗೆ ಹಾಕುವರು. ಭಾರತದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಸೂಜಿಯು ಹೀಗೆ ತೊಡೆಯಿಂದ ತೋಳಿಗೆ ಏರುವುದನ್ನು ತಾಯಂದಿರು ಕಂಡೇ ಇರುವರು. ಇದು ದಾದಿಯರ ಅನುಕೂಲಕ್ಕಾಗಿ ಆದ ಏರ್ಪಾಡೆಂದು ಭಾವಿಸುವವರುಂಟು. ಆದರೆ ಇದರ ಕಾರಣವು ದೇಹದ ಬೆಳವಣಿಗೆಯಲ್ಲಿಯೇ ಇದೆ.

ಲಸಿಕೆಗೆ ಮಾಂಸಖಂಡವೇ ಏಕೆ ಬೇಕೆಂಬುದನ್ನು ಮೊದಲು ನೋಡಬೇಕು. ಎಲ್ಲಕ್ಕೂ ಅದು ಬೇಕಾಗಿಲ್ಲ, ಕ್ಷಯದ ಬಿ.ಸಿ.ಜಿ.ಯನ್ನು ಚರ್ಮದೊಳಗೂ, ದಡಾರದ ಲಸಿಕೆಯನ್ನು ಚರ್ಮದ ಕೆಳಗೂ ಹಾಕುವರು. ಆದರೆ ಧನುರ್ವಾಯುವಿನ ಲಸಿಕೆಯಂಥವುಗಳಲ್ಲಿ ಗುಣವನ್ನು ಹೆಚ್ಚಿಸುವುದಕ್ಕಾಗಿ ಅಲ್ಯೂಮಿನಿಯಂ ಲವಣವನ್ನು ಬೆರೆಸಿರುತ್ತಾರೆ. ಈ ಲವಣವು ಚರ್ಮದಲ್ಲಿಯೋ ಕೊಬ್ಬಿನಲ್ಲಿಯೋ ನಿಂತರೆ ಅಲ್ಲಿ ಬಾವೂ ಗಂಟೂ ಏಳುವ ಸಂಭವ ಹೆಚ್ಚು. ಮಾಂಸಖಂಡದಲ್ಲಿ ರಕ್ತಸಂಚಾರವು ಹೇರಳವಾಗಿರುವುದರಿಂದ ಅದು ಇಂಥ ದ್ರವ್ಯವನ್ನು ಸುಲಭವಾಗಿ ಸಹಿಸಿಕೊಳ್ಳುತ್ತದೆ.

ಆದುದರಿಂದ ಆರಿಸುವ ಸ್ಥಳದಲ್ಲಿ ಮಾಂಸವು ಸೂಜಿಯ ಉದ್ದಕ್ಕೆ ಸಾಲುವಷ್ಟು ದಪ್ಪವಾಗಿರಬೇಕು. ದೊಡ್ಡ ನರಗಳೂ ರಕ್ತನಾಳಗಳೂ ದೂರವಿರಬೇಕು. ಹಸುಗೂಸಿನ ತೋಳಿನಲ್ಲಿ ಮಾಂಸವು ತೀರ ತೆಳುವು. ತೊಡೆಯ ಮುಂಭಾಗದ ಹೊರಮಗ್ಗುಲಲ್ಲಿರುವ ವಾಸ್ಟಸ್ ಲ್ಯಾಟರಾಲಿಸ್ ಎಂಬ ಮಾಂಸಖಂಡವಾದರೋ ಹುಟ್ಟಿದಾಗಲೇ ತಕ್ಕಮಟ್ಟಿಗೆ ಬಲಿತಿರುತ್ತದೆ; ತೊಡೆಯ ದೊಡ್ಡ ರಕ್ತನಾಳಗಳು ಒಳಮಗ್ಗುಲಲ್ಲಿ ಹರಿಯುವುದರಿಂದ ಅಲ್ಲಿ ಅಪಾಯವೂ ಕಡಮೆ. ಸೊಂಟದ ಕೀಲಿನ ಹೊರಗೆ ಕೈಗೆ ಸಿಕ್ಕುವ ಎಲುಬಿನ ಉಬ್ಬಿನಿಂದ ಮೊಣಕಾಲಿನವರೆಗೆ ಮೂರು ಪಾಲು ಮಾಡಿದರೆ ನಡುವಣ ಪಾಲೇ ಸೂಜಿಗೆ ತಕ್ಕುದು.

ಹಿಂದೆ ಬಹುಕಾಲ ಪೃಷ್ಠಭಾಗವನ್ನೇ ಆರಿಸುವ ವಾಡಿಕೆಯಿತ್ತು. ನೋಟಕ್ಕೆ ಅದು ದೇಹದಲ್ಲೆಲ್ಲ ತುಂಬಿಕೊಂಡ ಭಾಗ, ಮೋಸವಿರುವುದೂ ಅಲ್ಲಿಯೇ. ನಡೆಯಲು ಕಲಿಯುವವರೆಗೆ ಮಗುವಿನ ಪೃಷ್ಠದ ಮಾಂಸಖಂಡಗಳು ಚಿಕ್ಕವಾಗಿರುತ್ತವೆ. ಕೈಗೆ ಮೆತ್ತಗೆ ತೋರುವುದು ಬಹುಮಟ್ಟಿಗೆ ಕೊಬ್ಬು. ಅದರಡಿಯಲ್ಲಿ ಸಯಾಟಿಕ್ ನರವು ಕಾಲಿಗೆ ಇಳಿಯುತ್ತದೆ. (ಆಯುರ್ವೇದವು ಗೃಧ್ರಸೀ ಎಂದು ಕರೆಯುವ ನೋವು ಹರಿಯುವುದು ಇದರ ಜಾಡಿನಲ್ಲಿಯೇ.) ಸೂಜಿಯು ಈ ನರಕ್ಕೆ ತಗುಲಿದರೆ ಪಾದವು ಜೋತುಬಿದ್ದು ಮಗುವು ಬಾಳೆಲ್ಲ ಕುಂಟಬೇಕಾದೀತು.

ದೊಡ್ಡವರಲ್ಲಿ ಪೃಷ್ಠದ ದೋಷವು ಬೇರೆ ಬಗೆಯದು. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ಲಸಿಕೆಯನ್ನು ಪೃಷ್ಠದಲ್ಲಿ ಹಾಕಿಸಿಕೊಂಡವರಿಗಿಂತ ತೋಳಿನಲ್ಲಿ ಹಾಕಿಸಿಕೊಂಡವರಲ್ಲಿ ರೋಗನಿರೋಧವು ಚೆನ್ನಾಗಿ ಹುಟ್ಟುವುದೆಂದು 1985ರಲ್ಲಿ ಅಮೆರಿಕದ ಆರೋಗ್ಯಾಧಿಕಾರಿಗಳು ಪ್ರಕಟಿಸಿದರು. ಮಾಂಸವನ್ನು ಮುಟ್ಟಬೇಕಾದ ಮದ್ದು ಕೊಬ್ಬಿನಲ್ಲಿಯೇ ಉಳಿದುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಕುಂಟುವ ಕಾಲು ಕಣ್ಣಿಗೆ ಕಾಣುತ್ತದೆ. ಇಂಥ ಲೋಪವು ಕಾಣುವುದಿಲ್ಲ. ಲಸಿಕೆಯಾಯಿತೆಂದು ಧೈರ್ಯದಿಂದಿರುವವನಿಗೆ ರಕ್ಷಣೆಯೇ ಇಲ್ಲದಿರಬಹುದು. ಹುಚ್ಚುನಾಯಿ ಕಡಿದವನ ವಿಷಯದಲ್ಲಿ ಇದರ ಅರ್ಥವು ಮರಣವೇ ಆದುದರಿಂದ, ಆ ಲಸಿಕೆಯನ್ನು ಪೃಷ್ಠದಲ್ಲಿ ಹಾಕಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಹೊಟ್ಟೆಯ ಸುತ್ತ 14 ಸೂಜಿಗಳೆಂಬ ಹಳೆಯ ಭೀತಿಗೂ ಈಗ ಕಾರಣವಿಲ್ಲ. ಅದು ನರದ್ರವ್ಯದಿಂದ ತಯಾರಿಸುತ್ತಿದ್ದ ಹಿಂದಿನ ಲಸಿಕೆಯ ಕ್ರಮ.

ಮಗು ಬೆಳೆದಂತೆ ಭುಜದ ಕೆಳಗಿನ ಡೆಲ್ಟಾಯ್ಡ್ ಮಾಂಸಖಂಡವು ತುಂಬಿಕೊಳ್ಳುತ್ತದೆ. ಗ್ರೀಕರ ಡೆಲ್ಟಾ ಅಕ್ಷರದಂತೆ ಮುಮ್ಮೂಲೆಯಾಗಿರುವುದರಿಂದ ಅದಕ್ಕೆ ಆ ಹೆಸರು. ಈ ಬದಲಾವಣೆಯ ಕಾಲವು ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ 3 ವರ್ಷದಿಂದ ತೋಳನ್ನು ಮೆಚ್ಚುವರು. ತೋಳಿನಲ್ಲಿಯೂ ಎಚ್ಚರ ಬೇಕು. ಭುಜದ ತುದಿಯೆಲುಬಿನಿಂದ ಎರಡು ಮೂರು ಬೆರಳಗಲ ಕೆಳಗೆ ಮಾಂಸವು ದಪ್ಪವಾಗಿರುತ್ತದೆ. ಅದಕ್ಕಿಂತ ಮೇಲೆ ಚುಚ್ಚಿದರೆ ಮದ್ದು ಕೀಲಿನ ಬಳಿಯ ದ್ರವಕೋಶಕ್ಕೆ ಸೇರಿ ತಿಂಗಳುಗಟ್ಟಲೆ ಕೈಯೆತ್ತಲಾಗದ ನೋವು ಬರಬಹುದು; ತೀರ ಕೆಳಗಿಳಿದರೆ ರೇಡಿಯಲ್ ನರಕ್ಕೆ ಅಪಾಯ. ಅಂಗಿಯನ್ನು ಕತ್ತಿನ ಕಡೆಯಿಂದ ಜಾರಿಸಿ ಸ್ವಲ್ಪವೇ ಭುಜ ತೋರಿಸುವವರಿಗೆ ಮೇಲೆ ಚುಚ್ಚುವ ತಪ್ಪಾಗುವುದು ಸುಲಭ. ತೋಳನ್ನು ಪೂರ್ತಿಯಾಗಿ ಬಿಡಿಸುವುದೇ ಲೇಸು. ಹೆಚ್ಚಿನವರಿಗೆ ಒಂದಂಗುಲದ ಸೂಜಿ ಸಾಕು. ಬಹಳ ಸ್ಥೂಲಕಾಯರಾದವರಿಗೆ ಒಂದೂವರೆ ಅಂಗುಲದ್ದು ಬೇಕಾಗುತ್ತದೆ.