ಯಾವ ಕಡೆಯ ಕಿಟಕಿ?

ಮೊದಲ ಸಲ ವಿಮಾನ ಹತ್ತುವಾಗ ಅಮ್ಮ ಕೇಳಿದ್ದು ಒಂದೇ: "ಮೇಲಿಂದ ಸಂಗಮ ಕಾಣುತ್ತೇನೋ?"

ತಿ. ನರಸೀಪುರದ ಸಂಗಮದಲ್ಲೇ ನಮ್ಮ ತಾತನ ಅಸ್ಥಿ ಬಿಟ್ಟಿದ್ದು. ಅವತ್ತು ಗಂಡಸರಷ್ಟೇ ಹೋಗಿದ್ದರು, ಮಗಳಾದ ಅಮ್ಮನನ್ನು ಯಾರೂ ಕರೆದಿರಲಿಲ್ಲ. ನಂಜನಗೂಡಿನಿಂದ ಬಸ್ ಹತ್ತಿದರೆ ಆಯ್ತು, ಆದರೆ ಆಮೇಲೂ ಅವಳು ಹೋಗಲಿಲ್ಲ. ಯಾಕೆ ಅಂತ ನಾವೂ ಕೇಳಲಿಲ್ಲ.

"ಕಾಣುತ್ತೆ ಬಾಮ್ಮ" ಅಂದೆ. ಹೆಚ್ಚಿಗೆ ದುಡ್ಡು ಕೊಟ್ಟು ವಿಂಡೋ ಸೀಟ್ ಬುಕ್ ಮಾಡಿದ್ದೆನಲ್ಲ, ಆ ಧೈರ್ಯ. ಮಂಡಕಳ್ಳಿಯಿಂದ ಚೆನ್ನೈಗೆ ಹೊರಟ ವಿಮಾನದಲ್ಲಿ ಎಡಗಡೆ ಕೂತೆವು. ಚಾಮುಂಡಿ ಬೆಟ್ಟ ಚೆನ್ನಾಗಿ ಕಂಡಿತು. ಅಮ್ಮ ಕೈಮುಗಿದು, ಸ್ವಲ್ಪ ಹೊತ್ತು ಬಿಟ್ಟು "ಹೊಳೆ?" ಅಂದಳು. ಹೊಳೆ ಆಚೆ ಕಡೆಯ ಕಿಟಕಿಯಲ್ಲಿತ್ತು. ಅಲ್ಲಿ ಕೂತಿದ್ದಾತ ಕತ್ತು ವಾಲಿಸಿ ನಿದ್ದೆ ಹೊಡೀತಿದ್ದ. ಅಮ್ಮ ಮತ್ತೇನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಚೆನ್ನೈ ರೂಮಿನಲ್ಲಿ ಕೂತು ಮ್ಯಾಪ್ ತೆಗೆದೆ. ಮೊದಲೇ ಮಾಡಬೇಕಿದ್ದ ಕೆಲಸ. ನಮ್ಮ ಏರ್‌ಪೋರ್ಟಿನ ರನ್‌ವೇ ಪೂರ್ವ ಪಶ್ಚಿಮವಾಗಿದೆ. ಚಾಮುಂಡಿ ಬೆಟ್ಟ ಅದರ ಉತ್ತರಕ್ಕೆ, ನಂಜನಗೂಡು ದಕ್ಷಿಣಕ್ಕೆ. ತಿ. ನರಸೀಪುರ ಹೆಚ್ಚುಕಮ್ಮಿ ನೇರ ಪೂರ್ವಕ್ಕೆ, ಒಂಚೂರು ದಕ್ಷಿಣಕ್ಕೆ ವಾಲಿದೆ. ಅಂದ್ರೆ ಹೋಗುವಾಗ ಬೆಟ್ಟ ಬೇಕಾದವರು ಎಡಕ್ಕೆ, ಹೊಳೆ ಬೇಕಾದವರು ಬಲಕ್ಕೆ. ಬರುವಾಗ ಎಲ್ಲ ಉಲ್ಟಾ. ವಿಮಾನ ಗಾಳಿಗೆ ಎದುರಾಗಿ ಏರುವುದರಿಂದ ಮುಂಗಾರಿನಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ ಹಾರಿ ಆಮೇಲೆ ತಿರುಗುತ್ತದೆ, ಆಗ ಈ ಲೆಕ್ಕ ಸ್ವಲ್ಪ ಏರುಪೇರು.

ನಾವು ಹತ್ತಿದ್ದು ಎಟಿಆರ್ 72, ಫ್ಯಾನಿನ ವಿಮಾನ. ಚಿಕ್ಕದು ಅಂತ ಮೂಗು ಮುರಿಯಬೇಡಿ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೆಲವನ್ನು ಅದು ಮುಚ್ಚುವುದಿಲ್ಲ. ದೊಡ್ಡ ಜೆಟ್‌ನಷ್ಟು ಎತ್ತರಕ್ಕೂ ಹೋಗಲ್ಲ. ಎಂಜಿನ್ನಿನ ಪಕ್ಕದ ಸಾಲು ಮಾತ್ರ ಬೇಡ, ಹಿಂದಿನ ಸಾಲುಗಳೇ ಚೆನ್ನ. ಹತ್ತುವ ಬಾಗಿಲೂ ಹಿಂದೆಯೇ. ಏರ್‌ಬಸ್, ಬೋಯಿಂಗ್ ಆದರೆ ರೆಕ್ಕೆಯ ಮುಂದಿನ ಸಾಲು ಹಿಡಿಯಿರಿ.

ಬಿಸಿಲಿನ ಕಡೆ ಕೂರಬೇಡಿ ಅಂತಾರೆ. ಬೆಟ್ಟದ ಫೋಟೋಗೆ ಆ ಮಾತು ಸರಿ, ಹೊಳೆಗಲ್ಲ. ಸೂರ್ಯನ ಕಡೆಗೆ ನೋಡಿದರೇ ನೀರು ಮಿನುಗೋದು, ಇಲ್ಲದಿದ್ದರೆ ಗದ್ದೆ ಯಾವುದು ಹೊಳೆ ಯಾವುದು ಗೊತ್ತಾಗಲ್ಲ.

ವಾಪಸ್ ಬರುವಾಗ ಮಧ್ಯಾಹ್ನದ ಮೇಲೆ, ಎಡಗಡೆ, ಹಿಂದಿನ ಸಾಲು. ಇಳಿಯೋಕೆ ಶುರುವಾದಾಗಿನಿಂದ ಅಮ್ಮನ ಹಣೆ ಗಾಜಿಗೆ ಅಂಟಿಕೊಂಡಿತ್ತು. ಮೊದಲು ಕಾವೇರಿ ಸಿಕ್ಕಿತು, ತಲಕಾಡಿನ ಹತ್ತಿರ ದೊಡ್ಡದಾಗಿ ಬಳಸಿಕೊಂಡು ಬರುವಲ್ಲಿ. ಅದನ್ನೇ ಹಿಡಿದು ನೋಡುತ್ತಿದ್ದ ಹಾಗೆ ಪಶ್ಚಿಮದಿಂದ ಕಪಿಲೆ ಬಂದು ಸೇರಿತು. ಎರಡು ಹೊಳೆಗಳ ನಡುವೆ ನಾಲಿಗೆಯ ಹಾಗೆ ಚಾಚಿದ್ದ ತಿರುಮಕೂಡಲು, ಕಪಿಲೆಯ ಆಚೆ ದಡಕ್ಕೆ ನರಸೀಪುರ ಪೇಟೆ. ಒಂದು ನಿಮಿಷವೂ ಇರಲಿಲ್ಲ. ಫೋನ್ ತೆಗೆದಿದ್ದೆ, ಅಮ್ಮನ ತಲೆ ಅಡ್ಡ ಇತ್ತು. ಸರಿಯಮ್ಮ ಅನ್ನಲು ಬಾಯಿ ಬರಲಿಲ್ಲ.

"ಅಲ್ಲೇ ಅಲ್ವೇನೋ, ನೀರು ಸೇರ್ತಾವಲ್ಲ?"

"ಹೂಂ, ಅಲ್ಲೇ ಕಣಮ್ಮ."

ಸೆರಗಿನಿಂದ ಗಾಜು ಒರೆಸಿದಳು, ಗಾಜು ಮಂಜಾಗಿತ್ತು. ವಿಮಾನ ಇನ್ನೂ ಕೆಳಗಿಳಿದು ಓರೆಯಾದಾಗ ದೂರದಲ್ಲಿ ನಂಜನಗೂಡು ಕಂಡಿತು, ಹೊಳೆ ದಂಡೆ, ನಂಜುಂಡೇಶ್ವರನ ಗೋಪುರ.

"ನಿಮ್ಮಪ್ಪ ಊಟ ಮಾಡಿದ್ರೋ ಇಲ್ವೋ" ಅಂದಳು.