ಕಾವೇರಿ ನೀರಿನ ಕಡಲು

ಜೆ.ಪಿ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಹೊರಟರೆ ಮಂಗಳೂರಿನ ಕಡಲು, ಪೂರ್ವಕ್ಕೆ ಹೊರಟರೆ ಚೆನ್ನೈನ ಕಡಲು. ಎರಡೂ ಹೆಚ್ಚುಕಡಿಮೆ 350 ಕಿಲೋಮೀಟರ್ ದಾರಿ. ಇಲ್ಲಿನ ನಲ್ಲಿಗೆ ಬರುವುದು ಕಾವೇರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯ ಪಂಪ್‌ಹೌಸ್‌ಗಳನ್ನು ದಾಟಿ, ನೂರು ಕಿಲೋಮೀಟರ್ ದೂರ ಸಾಗಿ, ಅರ್ಧ ಕಿಲೋಮೀಟರ್ ಏರು ಹತ್ತಿ ಬಂದ ನೀರು ಅದು. ಈ ನೀರನ್ನೇ ಹಿಡಿದು, ಅದರಲ್ಲಿ ಕರಗಿರುವುದನ್ನೆಲ್ಲ ಸೋಸಿ ತೆಗೆದು, ಕಡಲಿನ ಲವಣ ಬೆರೆಸಿ, ನಡುಮನೆಯ ಮೂಲೆಯಲ್ಲಿ ಜೀವಂತ ಹವಳ ಬೆಳೆಸಬಹುದು. ಇಷ್ಟು ದೂರದ ಕಡಲನ್ನು ಮನೆಯೊಳಗೆ ಕಟ್ಟುವುದು ಹಣವಂತರ ಹುಚ್ಚು ಎಂದುಕೊಂಡವರೇ ಹೆಚ್ಚು. ಆದರೆ ಸಣ್ಣದಾಗಿ, ಸರಳವಾಗಿ ಮಾಡಿದರೆ ಇದು ಸಾಮಾನ್ಯ ಮನೆಗೂ ಎಟುಕುವ ಕೆಲಸ. ಸಣ್ಣದಾಗಿಯೇ, ಸರಳವಾಗಿಯೇ ಮಾಡಬೇಕು ಎಂಬುದು ನನ್ನ ಗಟ್ಟಿ ನಿಲುವು. ನಮ್ಮ ಕಾನೂನು, ನಮ್ಮ ನೀರು, ನಮ್ಮ ಊರಿನ ಹವೆ, ಮೂರೂ ಹೇಳುವುದು ಅದನ್ನೇ.

ಮೊದಲು ಹವಳದ ವಿಚಾರ. ಕುಜದೋಷಕ್ಕೆಂದು ಉಂಗುರದಲ್ಲಿ ಕೂರಿಸುವ ಕೆಂಪು ಹವಳ ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಒಂದು ಜಾತಿಯ ಅಸ್ಥಿಪಂಜರ. ಅದನ್ನು ಕಟ್ಟಿದ್ದು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು. ಒಂದು ಬಾಯಿ, ಅದರ ಸುತ್ತ ಕೈಗಳಂಥ ಎಳೆಗಳು, ಒಳಗೊಂದು ಹೊಟ್ಟೆ. ಪಾಲಿಪ್ ಅಂದರೆ ಇಷ್ಟೇ. ಬೆಚ್ಚನೆಯ, ಬಿಸಿಲು ಬೀಳುವ ಕಡಲಿನ ಹವಳಗಳು ತಮ್ಮ ಮೈಯ ಜೀವಕೋಶಗಳೊಳಗೆ ಕಣ್ಣಿಗೆ ಕಾಣದ ಪಾಚಿಯನ್ನು ಸಾಕಿಕೊಂಡಿರುತ್ತವೆ. ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಹಲವು ವಾರ ಹಾಗೇ ಉಳಿದರೆ ಈ ಒಡನಾಟ ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ, ಹಾಗೇ ಉಳಿದರೆ ಸಾಯುತ್ತದೆ. ಲಕ್ಷದ್ವೀಪದ ಹವಳ ದಿಬ್ಬಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗೆ ಬಿಳಿಚಿದವು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೆಯ ಮಹಾ ಬಿಳಿಚುವಿಕೆಯನ್ನು ಘೋಷಿಸಿದರು; ಆ ವರ್ಷ ಲಕ್ಷದ್ವೀಪವೂ ಮತ್ತೆ ಬಿಳಿಚಿತು. ಹೀಗೆ ನರಳುತ್ತಿರುವ ಜೀವವನ್ನು ಮನೆಗೆ ತರುವವರು ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಕಾನೂನು ಈ ಮಾತಿನಲ್ಲಿ ಖಡಾಖಂಡಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳೂ ಸೇರಿದವು. ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್‌ಗಳು, ಕಡಲಕುದುರೆ, ಕಡಲಸೌತೆಗಳೂ ಸೇರಿದವು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಈ ಹವಳಗಳಿಗೂ ಇದೆ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವವರು ನಮ್ಮದೇ ಕರಾವಳಿಯ ಕಲ್ಲುಹವಳಗಳನ್ನು ಕಣ್ಣಾರೆ ನೋಡಬಹುದು. ಅಲ್ಲಿ ಬಿದ್ದ ಸತ್ತ ತುಂಡನ್ನು ನೆನಪಿಗೆಂದು ಬ್ಯಾಗಿಗೆ ಹಾಕಿಕೊಂಡರೂ ಅದು ಅಪರಾಧ. ವಿದೇಶದ ವಿಡಿಯೊಗಳಲ್ಲಿ ಕಾಣುವ ಕೊಂಬೆಕೊಂಬೆಯ ಹವಳವನ್ನು ‘ಇದೆ ಸಾರ್, ಒಳಗಿದೆ’ ಎಂದು ಯಾರಾದರೂ ಪಿಸುಗುಟ್ಟಿದರೆ ಅಂಗಡಿಯಿಂದ ಎದ್ದುಬನ್ನಿ. ‘ಲೈವ್ ರಾಕ್’ ಹೆಸರಿನಲ್ಲಿ ಮಾರುವ ಕಲ್ಲೂ ಎಷ್ಟೋ ಸಲ ದಿಬ್ಬದಿಂದ ಒಡೆದು ತಂದದ್ದೇ ಆಗಿರುತ್ತದೆ.

ಹಾಗಾದರೆ ಉಳಿಯುವುದು ಏನು? ಮೆದು ಹವಳಗಳು ಮತ್ತು ಅವುಗಳ ದಾಯಾದಿಗಳು. ಅಣಬೆಯಂತೆ ಹರಡಿಕೊಳ್ಳುವ ಮಶ್ರೂಮ್, ಗುಂಡಿಗಳ ಗೊಂಚಲಿನಂಥ ಜೊವಾಂಥಿಡ್, ಚರ್ಮದಂತೆ ದಪ್ಪನೆಯ ಲೆದರ್ ಕೋರಲ್, ಹಸಿರು ಎಳೆಗಳ ಹಾಸಿನಂಥ ಸ್ಟಾರ್ ಪಾಲಿಪ್, ಮಿಡಿಯುವ ಜೀನಿಯಾ. ಇವು ಸುಣ್ಣದ ದಿಬ್ಬ ಕಟ್ಟುವ ಜಾತಿಗಳಲ್ಲ. ಆ ಷೆಡ್ಯೂಲ್‌ನಲ್ಲಿ ಇವುಗಳ ಹೆಸರಿಲ್ಲ. ಹಾಗೆಂದು ಸಂರಕ್ಷಿತ ಕಡಲಿನಿಂದ ಕಿತ್ತು ತಂದದ್ದು ಸಕ್ರಮ ಆಗುವುದಿಲ್ಲ. ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲೇ ಬೆಳೆದ ಹವಳದಿಂದ ಕತ್ತರಿಸಿದ ತುಂಡನ್ನೇ ಕೇಳಿ ತನ್ನಿ. ಹವ್ಯಾಸಿಗಳು ಅದನ್ನು ‘ಫ್ರ್ಯಾಗ್’ ಎನ್ನುತ್ತಾರೆ. ಕಾನೂನು ಬಿಟ್ಟುಕೊಟ್ಟ ಈ ಜಾತಿಗಳೇ ಸಾಕಲು ಅತಿ ಸುಲಭ ಎಂಬುದು ಹೊಸಬರ ಅದೃಷ್ಟ. ಕಲ್ಲುಹವಳಕ್ಕೆ ಬೇಕಾದ ಉಗ್ರ ಬೆಳಕು, ದಿನದಿನವೂ ಕ್ಯಾಲ್ಸಿಯಂ ಹನಿಸುವ ಯಂತ್ರ, ಇವೆಲ್ಲ ಇವಕ್ಕೆ ಬೇಕಿಲ್ಲ.

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಸಾಕು. ಕಂಠದವರೆಗೆ ತುಂಬದೆ ಬಿಟ್ಟರೆ ಸುಮಾರು 110 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಪುಟ್ಟದು ಅಗ್ಗವೆನಿಸಿದರೂ ಆಪತ್ತು: ನೀರು ಕಡಿಮೆಯಾದಷ್ಟೂ ಉಪ್ಪು, ಉಷ್ಣತೆ ಬೇಗ ಏರುಪೇರಾಗುತ್ತವೆ. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿ ಭಾರ ನೂರೈವತ್ತು ಕಿಲೋ ದಾಟುತ್ತದೆ. ಅಪಾರ್ಟ್‌ಮೆಂಟಿನವರು ಗೋಡೆಗೆ ಒತ್ತಿ, ಸಾಧ್ಯವಾದರೆ ಬೀಮಿನ ಮೇಲೆ ಬರುವಂತೆ ಇಡಬೇಕು. ಬಿಸಿಲು ನೇರ ಬೀಳುವ ಕಿಟಕಿ ಬೇಡ. ಒಳಗಿನ ಕಲ್ಲಿಗೆ ಸೆರಾಮಿಕ್ಕಿನ ಅಥವಾ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ರಂಧ್ರರಂಧ್ರದ ಕಲ್ಲು ಸಿಗುತ್ತದೆ. ತಳಕ್ಕೆ ಮರಳು ಬೇಡವೇ ಬೇಡ ಎನ್ನುತ್ತೇನೆ. ಬರಿಯ ಗಾಜಾದರೆ ಕಸ ಕಾಣುತ್ತದೆ, ಎಳೆದು ತೆಗೆಯಬಹುದು.

ನೀರೇ ಇಲ್ಲಿ ಮುಕ್ಕಾಲು ಕೆಲಸ. ನಲ್ಲಿಯ ಕಾವೇರಿಯಲ್ಲಿ ಕ್ಲೋರಿನ್ ಇರುತ್ತದೆ. ಬೇಸಿಗೆಯಲ್ಲಿ ಅದು ಸಾಲದೆ ಬೋರ್‌ವೆಲ್ ನೀರನ್ನೋ ಟ್ಯಾಂಕರ್ ನೀರನ್ನೋ ಸಂಪಿಗೆ ಬಿಟ್ಟರೆ ಗಡಸು, ನೈಟ್ರೇಟ್ ಎರಡೂ ಏರುತ್ತವೆ. ಹಳೆಯ ಹಿತ್ತಾಳೆ ನಲ್ಲಿಯಿಂದ ಇಳಿಯುವ ತಾಮ್ರ ಮನುಷ್ಯರಿಗೆ ಲೆಕ್ಕಕ್ಕಿಲ್ಲದಷ್ಟು. ಹವಳಕ್ಕೂ ಸೀಗಡಿಗೂ ಬಸವನಹುಳುವಿಗೂ ಅದೇ ವಿಷ. ಆದ್ದರಿಂದ ಆರ್‌ಓ ನೀರು, ಅದರ ಮುಂದೆ ಉಳಿದ ಲವಣವನ್ನೂ ಹಿಡಿಯುವ ಒಂದು ಡಿಐ ರೆಸಿನ್ ಕೊಳವೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಖನಿಜ ಮತ್ತೆ ಸೇರಿಸುವ ಭಾಗ ಇರುತ್ತದೆ, ಅದಕ್ಕೂ ಮೊದಲೇ ನೀರು ಹಿಡಿಯಬೇಕು. ವಾರಕ್ಕೆ ಹದಿನೈದಿಪ್ಪತ್ತು ಲೀಟರ್ ಇಂಥ ನೀರು ಬೇಕಾದರೆ ಅದರ ಎರಡು ಮೂರು ಪಟ್ಟು ತ್ಯಾಜ್ಯವಾಗಿ ಹರಿಯುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ ಊರು ಇದು. ಆ ತ್ಯಾಜ್ಯವನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವ ಏರ್ಪಾಡು ಮಾಡದವರು ಈ ಹವ್ಯಾಸಕ್ಕೆ ಕೈಹಾಕಬಾರದು.

ಈ ಬರಿಯ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲವಣ. ಅಡುಗೆಯ ಉಪ್ಪು ಆಗದು, ಅದು ಸೋಡಿಯಂ ಕ್ಲೋರೈಡ್ ಮಾತ್ರ. ಕಡಲಲ್ಲಿ ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ತಮ್ಮತಮ್ಮ ಪ್ರಮಾಣದಲ್ಲಿ ಇವೆ. ಅಕ್ವೇರಿಯಂಗೆಂದೇ ಬರುವ ಸಿಂಥೆಟಿಕ್ ಸಮುದ್ರಲವಣ ಇಡೀ ತೊಟ್ಟಿಗೆ ಸುಮಾರು ನಾಲ್ಕು ಕಿಲೋ ಹಿಡಿಯುತ್ತದೆ. ಬಕೆಟ್ಟಿನಲ್ಲಿ ಪಂಪ್ ಹಾಕಿ ರಾತ್ರಿಯಿಡೀ ತಿರುಗಿಸಿ, ಬೆಳಗ್ಗೆ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ: ಸಾಪೇಕ್ಷ ಸಾಂದ್ರತೆ 1.025 ಬಂದರೆ ಸರಿ. ಮುಂದೆ ದಿನವೂ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟನ್ನು ಉಪ್ಪುನೀರಿನಿಂದ ತುಂಬಬಾರದು, ಸಪ್ಪೆ ಆರ್‌ಓ ನೀರನ್ನೇ ಸೇರಿಸಬೇಕು. ವಾರಕ್ಕೊಮ್ಮೆ ಹತ್ತು ಲೀಟರ್ ಹಳೆಯ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ತೆಗೆದ ನೀರು ಚರಂಡಿಗೇ ಹೋಗಲಿ; ತುಳಸಿ ಕುಂಡಕ್ಕೂ ಬೇಡ, ಮನೆ ಮುಂದಿನ ಮಳೆನೀರಿನ ಇಂಗುಗುಂಡಿಗಂತೂ ಬೇಡ.

ಅಲೆಯಿಲ್ಲದೆ ಹವಳ ಬದುಕದು. 1846ರಲ್ಲಿ ಅನ್ನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕೀ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ನೀರಿಗೆ ಗಾಳಿ ಸೇರಲೆಂದು ಮನೆಗೆಲಸದವಳು ತೆರೆದ ಕಿಟಕಿಯ ಬಳಿ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಿತ್ತು. ಮನೆಯೊಳಗೆ ಹವಳ ಉಳಿಸಿಕೊಂಡವರಲ್ಲಿ ಆಕೆ ತೀರ ಮೊದಲಿಗರು. ಇತಿಹಾಸದಲ್ಲಿ ಉಳಿದದ್ದು ಯಜಮಾನಿಯ ಹೆಸರು; ಹವಳವನ್ನು ಉಳಿಸಿದ್ದು ಆ ಕೆಲಸದವಳ ತೋಳು. ಇಂದು ಆ ಕೆಲಸವನ್ನು ಐದಾರು ವ್ಯಾಟ್‌ನ ವೇವ್‌ಮೇಕರ್ ಮಾಡುತ್ತದೆ. ಕರೆಂಟು ಹೋದಾಗ ಮೊದಲು ಕೈಕೊಡುವುದೂ ಅದೇ, ಅದು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಇಳಿಯುತ್ತದೆ. ಮನೆಯ ಯುಪಿಎಸ್‌ಗೆ ವೇವ್‌ಮೇಕರ್ ಒಂದನ್ನೇ ಜೋಡಿಸಿ. ಹೀಟರ್ ಸೇರಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ.

ಬೆಂಗಳೂರಿನ ಹವೆ ಹವಳಕ್ಕೆ ಒಗ್ಗುತ್ತದೆ. ತೊಟ್ಟಿಯ ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಚೆನ್ನೈನಲ್ಲಿ ಇದಕ್ಕೆ ವರ್ಷದ ಬಹುಭಾಗ ಚಿಲ್ಲರ್ ಎಂಬ ದುಬಾರಿ ಯಂತ್ರ ಓಡಬೇಕು. ಇಲ್ಲಿ ಮಾರ್ಚಿನಿಂದ ಮೇವರೆಗೆ ನೀರಿನ ಮೇಲ್ಮೈಗೆ ಬೀಸುವ ಪುಟ್ಟ ಫ್ಯಾನ್ ಇಟ್ಟರೆ ಆವಿಯಾಗುವಿಕೆಯಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ನೂರು ವ್ಯಾಟ್‌ನ ಹೀಟರ್ ಬೇಕು. ಆದರೆ 2016ರ ಏಪ್ರಿಲ್ 24ರಂದು ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿ ದಾಖಲೆಯಾಯಿತು. ಮೇಲಂತಸ್ತಿನ ಮನೆಯವರು ಅಂಥ ದಿನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಯ ಅತಿ ತಂಪಾದ ಕೋಣೆಯನ್ನೇ ಆರಿಸಲಿ. ದೀಪಕ್ಕೆ ನೀಲಿ ಹೆಚ್ಚಿರುವ ಎಲ್‌ಇಡಿ. ಹವಳದೊಳಗಿನ ಪಾಚಿಗೆ ಆ ನೀಲಿಯೇ ಆಹಾರದ ದಾರಿ. ದಿನಕ್ಕೆ ಎಂಟು ಗಂಟೆ ಸಾಕು. ಐವತ್ತು ವ್ಯಾಟ್‌ನದಾದರೆ ತಿಂಗಳಿಗೆ ಹನ್ನೆರಡು ಯೂನಿಟ್.

ಇಷ್ಟಾದ ಮೇಲೆ ಕಾಯಬೇಕು. ನಾಲ್ಕರಿಂದ ಆರು ವಾರ ತೊಟ್ಟಿಯಲ್ಲಿ ಕಲ್ಲು, ಉಪ್ಪುನೀರು ಬಿಟ್ಟು ಬೇರೇನೂ ಇರಬಾರದು. ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಮಾರಕ, ನೈಟ್ರೇಟ್ ಸ್ವಲ್ಪವಿದ್ದರೆ ಹವಳಕ್ಕೆ ಗೊಬ್ಬರ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿದರೆ ನೀರು ಪಕ್ವವಾಯಿತು. ನಡುವೆ ಗಾಜಿಗೂ ಕಲ್ಲಿಗೂ ಕಂದು ಲೋಳೆ ಕಟ್ಟುತ್ತದೆ. ಅದು ಡಯಾಟಮ್, ತಾನೇ ಬಂದು ತಾನೇ ಹೋಗುತ್ತದೆ. ಗಾಬರಿಯಾಗಿ ಔಷಧ ಸುರಿಯುವವರು ಇಲ್ಲೇ ಕೆಡಿಸಿಕೊಳ್ಳುವುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಈ ಆರು ವಾರಕ್ಕೆಂದೇ ಹುಟ್ಟಿದ ಹಾಗಿದೆ.

ಮೊದಲು ನಾಲ್ಕೈದು ಬಸವನಹುಳು, ಆಮೇಲೆ ಒಂದು ಮಶ್ರೂಮ್, ಅದು ಅರಳಿ ನಿಂತರೆ ಒಂದು ಲೆದರ್. ಲೆದರ್ ಕೆಲವು ದಿನ ಮುದುಡಿ, ಮೇಣದಂಥ ಪೊರೆ ಕಳಚಿ ಮತ್ತೆ ಅರಳುತ್ತದೆ, ಸತ್ತಿತೆಂದು ಎಸೆಯಬೇಡಿ. ಮೀನು ಎರಡೇ ಸಾಕು, ಅವೂ ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನುಗಳು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಇವುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ; ಹ್ಯಾಚರಿಯ ಮರಿ ಸಿಗುವಾಗ ಕಡಲಿನದನ್ನು ಹಿಡಿದು ತರಿಸುವುದು ಅನ್ಯಾಯ. ಎಲ್ಲ ಮರಿಗಳೂ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಅವಕ್ಕೆ ಕಡಲ ಅನಿಮೋನ್ ಇರಲೇಬೇಕೆಂದೇನಿಲ್ಲ. ಅನಿಮೋನ್ ಹೊಸ ತೊಟ್ಟಿಯಲ್ಲಿ ಅಲೆದಾಡಿ ವೇವ್‌ಮೇಕರ್‌ಗೆ ಸಿಕ್ಕಿ ಛಿದ್ರವಾಗುವುದೇ ಹೆಚ್ಚು.

ಜೀನಿಯಾದ ಮುಂದೆ ಒಮ್ಮೆ ಕೂತು ನೋಡಬೇಕು. ಬೆಳ್ಳಗಿನ ತೊಟ್ಟಿನ ತುದಿಯಲ್ಲಿ ಎಂಟು ಗರಿಗೈಗಳ ಪಾಲಿಪ್‌ಗಳು ಎಳೆಮಗು ಮುಷ್ಟಿ ಬಿಚ್ಚಿ ಮುಚ್ಚಿದ ಹಾಗೆ ಮಿಡಿಯುತ್ತಲೇ ಇರುತ್ತವೆ. ಒಂದರ ಲಯ ಪಕ್ಕದ್ದಕ್ಕಿಲ್ಲ. ಊಟ ಹಿಡಿಯಲು ಹೀಗೆ ಮಾಡುತ್ತದೆಂದು ಕಂಡರೂ ಅದರಿಂದ ಊಟವೇನೂ ಸಿಗುವುದಿಲ್ಲ. ಇಷ್ಟು ಶಕ್ತಿ ಯಾಕೆ ವ್ಯಯಿಸುತ್ತದೆ ಎಂಬ ಪ್ರಶ್ನೆಗೆ ಕೆಂಪು ಸಮುದ್ರದ ಏಲತ್‌ನಲ್ಲಿ ಇದರ ಹತ್ತಿರದ ಬಂಧುವನ್ನು ಗಮನಿಸಿದ ಇಸ್ರೇಲಿ ವಿಜ್ಞಾನಿಗಳು 2013ರಲ್ಲಿ ಉತ್ತರ ಕೊಟ್ಟರು. ಒಳಗಿನ ಪಾಚಿ ಬಿಡುವ ಆಮ್ಲಜನಕ ಮೈಸುತ್ತಲೇ ತುಂಬಿಕೊಂಡರೆ ಪಾಚಿಯ ಕೆಲಸ ನಿಧಾನವಾಗುತ್ತದೆ. ಮಿಡಿದು ಅದನ್ನು ದೂರ ತಳ್ಳಿದರೆ ಆಹಾರ ತಯಾರಿ ಹಲವು ಪಟ್ಟು ಹೆಚ್ಚುತ್ತದೆ. ಅದು ದಿನವೂ ಮಧ್ಯಾಹ್ನದ ಮೇಲೆ ಒಂದಿಷ್ಟು ಹೊತ್ತು ಮಿಡಿತ ನಿಲ್ಲಿಸಿ ವಿರಮಿಸುತ್ತದೆ ಎಂಬುದೂ ಕ್ಯಾಮೆರಾದಲ್ಲಿ ಸಿಕ್ಕಿತು. ಒಂದು ಎಚ್ಚರ: ಜೀನಿಯಾ ಒಗ್ಗಿತೆಂದರೆ ತೊಟ್ಟಿಯನ್ನೆಲ್ಲ ಆವರಿಸುತ್ತದೆ, ಆದ್ದರಿಂದ ಬಿಡಿಯಾದ ಕಲ್ಲಿನ ಮೇಲಷ್ಟೇ ಕೂರಿಸಿ.

ಇನ್ನೊಂದು ಎಚ್ಚರ ಪ್ರಾಣದ್ದು. ಕೆಲವು ಜೊವಾಂಥಿಡ್‌ಗಳ ಲೋಳೆಯಲ್ಲಿ ಪಾಲಿಟಾಕ್ಸಿನ್ ಇರುತ್ತದೆ. ಪ್ರಕೃತಿಯಲ್ಲಿ ಸಿಗುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ಅವು ಅಂಟಿದ ಕಲ್ಲನ್ನು ಶುಚಿ ಮಾಡಲೆಂದು ಬಿಸಿನೀರಿನಲ್ಲಿ ಕುದಿಸಿ, ಆವಿ ಕುಡಿದು ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ನಡೆದಿವೆ. ಕಲ್ಲನ್ನು ಕುದಿಸಬೇಡಿ, ಒಣಗಿಸಿ ಉಜ್ಜಬೇಡಿ. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಕೈಯಲ್ಲಿ ಗಾಯವಿದ್ದರೆ ನೀರಿಗೇ ಇಳಿಸಬೇಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಜೊವಾಂಥಿಡ್ ಇಲ್ಲದೆಯೇ ತೊಟ್ಟಿ ಚೆಂದವಾಗಿರುತ್ತದೆ.

ವರ್ಷದೊಳಗೆ ಮಶ್ರೂಮ್ ಒಂದು ಹತ್ತಾಗಿರುತ್ತದೆ. ಆಗ ಹರಿತವಾದ ಬ್ಲೇಡಿನಲ್ಲಿ ಬಾಯಿಯ ನಡುವೆ ಸೀಳಿದರೆ ಎರಡೂ ಹೋಳು ಬದುಕುತ್ತವೆ. ಪುಟ್ಟ ಸೆರಾಮಿಕ್ ಬಿಲ್ಲೆಗಳನ್ನು ಹಾಕಿದ ಡಬ್ಬಿಯಲ್ಲಿ, ಅಲೆ ತಾಗದ ಮೂಲೆಯಲ್ಲಿ ಬಿಟ್ಟರೆ ಒಂದೆರಡು ವಾರದಲ್ಲಿ ತಾವೇ ಬಿಲ್ಲೆಗೆ ಅಂಟಿಕೊಳ್ಳುತ್ತವೆ. ಲೆದರ್ ತುಂಡನ್ನಾದರೆ ಬಿಲ್ಲೆಗೆ ದಾರದಲ್ಲಿ ಕಟ್ಟಬೇಕು. ಬನಶಂಕರಿಯಲ್ಲೋ ಬಿಟಿಎಂನಲ್ಲೋ ಹೊಸದಾಗಿ ತೊಟ್ಟಿ ಇಟ್ಟವರಿಗೆ ಕೊಡುವುದಾದರೆ, ಅದೇ ತೊಟ್ಟಿಯ ನೀರು ತುಂಬಿದ ಡಬ್ಬಿಗೆ ಹಾಕಿ, ಟ್ರಾಫಿಕ್ಕಿನಲ್ಲಿ ಕಾಯದಂತೆ ಟವೆಲ್ ಸುತ್ತಿ, ಬೆಳಗ್ಗೆ ಬೇಗ ಹೊರಡಿ. ತಲುಪಿದ ಮೇಲೆ ಅರ್ಧ ಗಂಟೆ ಡಬ್ಬಿಯನ್ನು ಅವರ ನೀರಿನಲ್ಲಿ ತೇಲಿಸಿ, ಆಮೇಲೆ ಬಿಲ್ಲೆ ಮಾತ್ರ ಒಳಗೆ ಇಳಿಸಿ. ನಿಮ್ಮ ನೀರು ಹೊರಗೇ ಉಳಿಯಲಿ, ಅದರ ಜೊತೆ ಕೀಟಗಳೂ ಹೋಗಬಹುದು.